‘ಸಾಕು’ ಅಂತ ಯಾರು ಹೇಳಬೇಕು?

1/9



ಹೋದ ವಾರ ಸ್ಟೋರಿಯಲ್ಲಿ ಕೇಳಿದ್ದೆ, ಮುಂದಿನ ಸರಣಿ ಯಾವುದರ ಬಗ್ಗೆ ಬರೀಲಿ ಅಂತ. ಇಂಟರ್ನಲ್ಸ್ ಬಗ್ಗೆ ಬರಿ ಅಂದವರು ನಾಲ್ಕೇ ಜನ. ಉಳಿದವರೆಲ್ಲ ಬೇರೆ ಬೇರೆ ಮಾತಲ್ಲಿ ಒಂದನ್ನೇ ಕೇಳಿದ್ರಿ. ‘ಇರೋದ್ರಲ್ಲಿ ಖುಷಿಯಾಗಿರೋದು ಹೇಗೆ?’ ‘ಬೇರೆಯವರನ್ನ ನೋಡಿ ಬೇಜಾರಾಗೋದು ನಿಲ್ಲಿಸೋದು ಹೇಗೆ?’ ಒಬ್ಬಳಂತೂ ರಾತ್ರಿ ಒಂದೂವರೆಗೆ ಮೆಸೇಜ್ ಹಾಕಿದ್ಲು: ‘ಎಲ್ಲಾ ಇದೆ ಕಣೇ, ಆದ್ರೂ ಏನೋ ಇಲ್ಲ ಅನ್ಸುತ್ತೆ.’

ನಂಗೆ ಇಪ್ಪತ್ತು ವರ್ಷ. ಬದುಕಿನ ಪಾಠ ಹೇಳೋ ವಯಸ್ಸಲ್ಲ, ಗೊತ್ತು. ಆದರೆ ಬಿ.ಕಾಂ. ಓದುತ್ತಿದ್ದೇನೆ, ತೆಂಗಿನ ಊರಲ್ಲಿ ಹುಟ್ಟಿದ್ದೇನೆ. ಲೆಕ್ಕದ ಬಗ್ಗೆ, ಕೊಬ್ಬರಿ ಬಗ್ಗೆ ಮಾತಾಡಬಹುದು ಅಂದುಕೊಂಡಿದ್ದೇನೆ. ನೀವು ಕೇಳಿದ ಪ್ರಶ್ನೆಗೂ ಇವೆರಡಕ್ಕೂ ನಂಟಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಪೂರ್ತಿ ಓದೋಕೆ ಟೈಮ್ ಇಲ್ಲದವರಿಗೆ. ‘ಸಂತೋಷ ನಿನ್ನೊಳಗೇ ಇದೆ’ ಅನ್ನೋ ಮಾತು ನಿಜ. ಆದರೆ ಅದನ್ನ ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ನೋಡದೆ ಒಪ್ಪಿಕೊಳ್ಳಬೇಡಿ. ‘ಸಾಕು’ ಅನ್ನೋದನ್ನ ನಿಮಗೆ ನೀವೇ ಹೇಳಿಕೊಂಡರೆ ಅದು ತೃಪ್ತಿ. ನಿಮ್ಮ ಪರವಾಗಿ ಬೇರೆ ಯಾರೋ ಹೇಳಿದರೆ ಅದಕ್ಕೆ ಬೇರೆ ಹೆಸರಿದೆ.

2/9

ನಮ್ಮ ಕಡೆ ಮದುವೆ ಊಟ ಗೊತ್ತಲ್ಲ. ಬಡಿಸೋರು ಬಕೆಟ್ ಹಿಡಿದು ಬರ್ತಾರೆ. ನೀವು ‘ಸಾಕು ಸಾಕು’ ಅಂತ ಬಾಯಲ್ಲಿ ಹೇಳಿದ್ರೆ ಅವರು ಕೇಳಲ್ಲ, ಇನ್ನೊಂದು ಸೌಟು ಬಿದ್ದೇ ಬೀಳುತ್ತೆ. ನಿಜವಾಗ್ಲೂ ಸಾಕು ಅಂದ್ರೆ ಎಲೆಗೆ ಅಡ್ಡ ಕೈ ಇಡಬೇಕು. ಅಷ್ಟೇ ಭಾಷೆ. ನಿಮ್ಮ ಹೊಟ್ಟೆ ತುಂಬಿದ್ದು ನಿಮಗೆ ಮಾತ್ರ ಗೊತ್ತು, ಅದಕ್ಕೇ ಆ ಕೈ ನಿಮ್ಮದೇ ಆಗಿರಬೇಕು.

ಈಗ ಕೊನೇ ಪಂಕ್ತಿಗೆ ಬನ್ನಿ. ಪಾಯಸ ಖಾಲಿ ಆಗಿದೆ. ಅಲ್ಲಿ ಕೂತವರಿಗೆ ಯಾರೋ ಬಂದು ‘ಸ್ವೀಟ್ ಜಾಸ್ತಿ ತಿನ್ನಬಾರದು, ಇಷ್ಟಕ್ಕೇ ತೃಪ್ತಿ ಪಡಬೇಕು’ ಅಂದ್ರೆ ಹೇಗಿರುತ್ತೆ? ಮಾತು ಸರಿಯಾಗೇ ಇದೆ. ಆದರೆ ಹೇಳಿದವರು ಮೊದಲನೇ ಪಂಕ್ತಿಯಲ್ಲಿ ಎರಡು ಸಲ ಹಾಕಿಸ್ಕೊಂಡು ಎದ್ದವರು.

ನಾವು ನೋಡೋ ಎಷ್ಟೋ ಮೋಟಿವೇಷನ್ ರೀಲ್ಸ್ ಇದೇ. ಹಿಂದೆ ಸ್ವಿಮ್ಮಿಂಗ್ ಪೂಲ್, ಮುಂದೆ ಕೂತು ‘ಬೇಕುಗಳನ್ನ ಕಮ್ಮಿ ಮಾಡ್ಕೊಳ್ಳಿ’.

3/9

(ಮೊದಲ ಫೋಟೋ ನಮ್ಮ ಮನೆ ಅಟ್ಟ. ಕತ್ತಲು, ಹೊಗೆ, ಸಾರಿ, ಇದಕ್ಕಿಂತ ಚೆನ್ನಾಗಿ ಬರಲಿಲ್ಲ.)

ಊರಿನವರಿಗೆ ಇದು ಗೊತ್ತು, ಬೇರೆ ಕಡೆಯಿಂದ ಫಾಲೋ ಮಾಡೋರಿಗೆ ಹೇಳ್ತೀನಿ. ಪಂಚನಹಳ್ಳಿ, ಯಗಟಿ, ಆ ಕಡೆ ಅರಸೀಕೆರೆ, ಹುಳಿಯಾರು, ತಿಪಟೂರು, ಈ ಇಡೀ ಪಟ್ಟಿಗೆ ತೆಂಗೇ ಜೀವ. ನಮ್ಮಲ್ಲಿ ಮಾಡೋದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕ್ತೀವಿ. ಎಂಟು ತಿಂಗಳಿಂದ ವರ್ಷದ ತನಕ ಅದು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿಯೋದು, ಚಿಪ್ಪು ಒಡೆಯೋದು, ಚೀಲ ಕಟ್ಟೋದು, ತಿಪಟೂರು ಮಾರುಕಟ್ಟೆ.

ಅಂದರೆ ಇವತ್ತು ಅಟ್ಟಕ್ಕೆ ಹಾಕಿದ ಕಾಯಿಗೆ ಯಾವ ಬೆಲೆ ಸಿಗುತ್ತೆ ಅಂತ ಒಂದು ವರ್ಷ ಯಾರಿಗೂ ಗೊತ್ತಿಲ್ಲ. ನಮ್ಮ ಊರಿನ ಸಂತೋಷವೆಲ್ಲ ಅಟ್ಟದ ಮೇಲೆ ಒಣಗ್ತಾ ಇರುತ್ತೆ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಸುಮಾರು 8 ಸಾವಿರ. ಆ ವರ್ಷ ಮಳೆನೂ ಕೈಕೊಟ್ಟಿತ್ತು, ರಾಜ್ಯದ ಬಹುತೇಕ ತಾಲ್ಲೂಕುಗಳು ಬರದ ಪಟ್ಟಿಯಲ್ಲಿದ್ವು. ಊರಲ್ಲಿ ಯಾರ ಮುಖ ನೋಡಿದ್ರೂ ಒಂದೇ ಥರ ಇತ್ತು. ಮೊಬೈಲ್ ಅಂಗಡಿಯವನೂ ಸೋತುಹೋಗಿದ್ದ. ಇಲ್ಲಿ ಕೊಬ್ಬರಿ ಬಿದ್ರೆ ಬೇಕರಿ, ಬಟ್ಟೆ ಅಂಗಡಿ, ಟ್ಯೂಷನ್ ಫೀಸು ಎಲ್ಲಾ ಒಟ್ಟಿಗೇ ಬೀಳುತ್ತೆ.

ಎರಡು ವರ್ಷ ಬಿಟ್ಟು, 2025ರಲ್ಲಿ, ಅದೇ ಕೊಬ್ಬರಿ 20 ಸಾವಿರ ದಾಟಿತು. 25ನ್ನೂ ದಾಟಿತು. ಹರಾಜಿನ ದಿನ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ರೇಟು.

ಹಾಗಾದ್ರೆ ಊರಿಗೆ ಊರೇ ಖುಷಿಯಾಗಿರಬೇಕಿತ್ತು ಅಲ್ವಾ?

4/9

ಆಗಿರಲಿಲ್ಲ. ನಾನು ಕಣ್ಣಾರೆ ನೋಡಿದ್ದು ಹೇಳ್ತಿದ್ದೀನಿ.

ಹದಿನೆಂಟಕ್ಕೆ ಕೊಟ್ಟವರು ಇಪ್ಪತ್ತೆರಡಕ್ಕೆ ಕೊಟ್ಟವರನ್ನ ನೋಡಿ ಕೈ ಹಿಸುಕಿಕೊಂಡ್ರು. ಇಪ್ಪತ್ತೆರಡಕ್ಕೆ ಕೊಟ್ಟವರು ಇಪ್ಪತ್ತೈದನ್ನ ನೋಡಿ ನಿದ್ದೆ ಬಿಟ್ರು. ಒಬ್ಬರಂತೂ ತಮ್ಮ ಆಯುಷ್ಯದಲ್ಲೇ ಅಷ್ಟು ದುಡ್ಡು ಒಟ್ಟಿಗೆ ನೋಡಿರಲಿಲ್ಲ, ಅವರೇ ಅರಳಿಕಟ್ಟೆ ಮೇಲೆ ಕೂತು ‘ಮುಳುಗಿಹೋದೆ’ ಅಂತಿದ್ರು. ಬೆಲೆ ಏರೋಕೆ ಒಂದು ಕಾರಣ ಇಳುವರಿ ಬಿದ್ದಿದ್ದು. ಹಾಗಾಗಿ ಬೆಲೆ ಇದ್ದಾಗ ಎಷ್ಟೋ ಜನರ ಅಟ್ಟದಲ್ಲಿ ಕಾಯೇ ಇರಲಿಲ್ಲ, ಅವರ ಸಂಕಟ ಬೇರೆ.

ಈಗ ಎರಡು ವರ್ಷಗಳನ್ನ ಅಕ್ಕಪಕ್ಕ ಇಡ್ತೀನಿ. ನಿಧಾನವಾಗಿ ಓದಿ, ನನ್ನ ಇಡೀ ವಾದ ಇಲ್ಲೇ ಇರೋದು.

2023ರಲ್ಲಿ ಹತ್ತು ಕ್ವಿಂಟಲ್ ಇದ್ದವರಿಗೆ 8 ಸಾವಿರದಂತೆ ಸಿಕ್ಕಿದ್ದು 80,000. ಬೆಂಬಲ ಬೆಲೆ ಸಿಕ್ಕಿದ್ದರೆ 1,17,500. ಕಳೆದುಕೊಂಡಿದ್ದು 37,500. ಆ ದುಡ್ಡಲ್ಲಿ ಗೊಬ್ಬರ ಇತ್ತು, ಬೋರ್‌ವೆಲ್ ಸಾಲದ ಕಂತಿತ್ತು, ಮಕ್ಕಳ ಹಾಸ್ಟೆಲ್ ಇತ್ತು. ಇಟ್ಟುಕೊಂಡು ಕಾಯೋಣ ಅಂದ್ರೆ ಸಾಲದವರು ಕಾಯಲ್ಲ. ಬೇರೆ ದಾರಿ ಇಲ್ಲದೆ ಕೊಟ್ಟದ್ದು.

2025ರಲ್ಲಿ ಹತ್ತು ಕ್ವಿಂಟಲನ್ನ 20 ಸಾವಿರಕ್ಕೆ ಕೊಟ್ಟವರಿಗೆ ಸಿಕ್ಕಿದ್ದು 2 ಲಕ್ಷ. ಆಮೇಲೆ ಬೆಲೆ 25 ಆಯ್ತು. ‘ಕಳೆದುಕೊಂಡಿದ್ದು’ 50,000.

ಸಂಖ್ಯೆ ಮಾತ್ರ ನೋಡಿದರೆ ಎರಡನೇ ನಷ್ಟ ದೊಡ್ಡದು. ಊರಲ್ಲಿ ಎರಡಕ್ಕೂ ಒಂದೇ ಪದ, ‘ಲಾಸ್’. ಆದರೆ ಒಂದು ತಟ್ಟೆಯಿಂದ ಹೋದದ್ದು, ಇನ್ನೊಂದು ತಲೆಯೊಳಗೆ ಹೋದದ್ದು.

ಮೊದಲನೇ ನಷ್ಟಕ್ಕೆ ಮನಸ್ಸು ಗಟ್ಟಿ ಮಾಡ್ಕೋ ಅನ್ನೋದು ಮದ್ದಲ್ಲ. ಅದಕ್ಕೆ ಬೇಕಾಗಿದ್ದು ಖರೀದಿ ಕೇಂದ್ರ, ಸರಿಯಾದ ಬೆಲೆ, ಟೈಮಿಗೆ ಪಾವತಿ. ಅದಕ್ಕಾಗಿ ರೈತರು ಬೀದಿಗೆ ಬಂದಿದ್ದು ಸರಿಯಾಗೇ ಇತ್ತು. ಧ್ಯಾನ ಮಾಡಿ ಅಂತ ಅವರಿಗೆ ಹೇಳೋದು ಕೊನೇ ಪಂಕ್ತಿಗೆ ಹೇಳಿದ ಮಾತೇ. ಎರಡನೇ ನಷ್ಟಕ್ಕೆ ಮಾತ್ರ ಸರ್ಕಾರ ಏನೂ ಮಾಡೋಕಾಗಲ್ಲ. 25ಕ್ಕೆ ಕೊಟ್ಟಿದ್ದರೂ 26 ಆಗೋ ದಿನ ಬಂದೇ ಬರ್ತಿತ್ತು. ಅದರ ಮದ್ದು ಒಳಗೇ ಇರೋದು.

ನಿಮ್ಮ ಬೇಜಾರು ಯಾವ ಜಾತಿಯದು ಅಂತ ಮೊದಲು ನೋಡ್ಕೊಳ್ಳಿ. ‘ಸಂತೋಷ ನಿನ್ನೊಳಗಿದೆ’ ಅನ್ನೋರು ಬಹಳ ಸಲ ಇದನ್ನ ಕೇಳೋದೇ ಇಲ್ಲ.

5/9

ಇದು ಬಿ.ಕಾಂ.ನವರಿಗೆ. ಬೇರೆಯವರು ಸ್ಕಿಪ್ ಮಾಡಬಹುದು, ಆದ್ರೆ ಮಾಡ್ಬೇಡಿ.

ಅಕೌಂಟೆನ್ಸಿಯಲ್ಲಿ ಮೊದಲ ಸೆಮಿಸ್ಟರ್‌ಗೇ ಒಂದು ತತ್ವ ಬರುತ್ತೆ: ಬರಬಹುದಾದ ಲಾಭವನ್ನ ಪುಸ್ತಕಕ್ಕೆ ಏರಿಸಬೇಡ, ಬರಬಹುದಾದ ನಷ್ಟಕ್ಕೆ ಮಾತ್ರ ತಯಾರಾಗಿರು. ಎಕನಾಮಿಕ್ಸ್‌ನಲ್ಲಿ ಅವಕಾಶ ವೆಚ್ಚ ಅಂತ ಓದ್ತೀವಿ, ಒಂದನ್ನ ಆರಿಸಿದ್ದಕ್ಕೆ ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ನಿರ್ಧಾರ ಮಾಡೋ ಮೊದಲು ಅದು ಬಹಳ ಉಪಯೋಗ. ಆದರೆ ಲೆಡ್ಜರ್‌ನಲ್ಲಿ ಅದಕ್ಕೆ ಒಂದು ಸಾಲೂ ಜಾಗ ಇಲ್ಲ, ಯಾಕಂದ್ರೆ ಆ ದುಡ್ಡು ಯಾವತ್ತೂ ನಿಮ್ಮ ಹತ್ತಿರ ಇರಲಿಲ್ಲ. ಇಲ್ಲದ 50,000 ಡೆಬಿಟ್ ಮಾಡಿದ್ರೆ ಸರ್ ಪೂರ್ತಿ ಲೆಕ್ಕ ಹೊಡೆದುಹಾಕ್ತಾರೆ. ನಾವು ಮನಸ್ಸಲ್ಲಿ ದಿನಾ ಇದೇ ಎಂಟ್ರಿ ಹಾಕ್ತೀವಿ. ‘ಸೈನ್ಸ್ ತಗೊಂಡಿದ್ರೆ.’ ‘ಬೆಂಗಳೂರಲ್ಲಿ ಹುಟ್ಟಿದ್ರೆ.’ ‘ಅವಳ ಥರ ಇಂಗ್ಲಿಷ್ ಬಂದಿದ್ರೆ.’ ಟ್ರಯಲ್ ಬ್ಯಾಲೆನ್ಸ್ ಸೇರಲ್ಲ, ಆಮೇಲೆ ಎಲ್ಲಾ ಇದ್ರೂ ಏನೋ ಇಲ್ಲ ಅನ್ಸುತ್ತೆ.

ಇನ್ನೊಂದು ವಿಷಯ. ಪಿಯುಸಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಅರ್ಥಶಾಸ್ತ್ರ ಓದಿದವರಿಗೆ ‘ಸೀಮಾಂತ ತುಷ್ಟಿಗುಣ’ ನೆನಪಿರಬೇಕು. ಮೊದಲ ಹೋಳಿಗೆಯಷ್ಟು ಐದನೇ ಹೋಳಿಗೆ ರುಚಿಸಲ್ಲ ಅನ್ನೋ ನಿಯಮ. ಯುಟಿಲಿಟಿ ಅನ್ನೋ ಒಣ ಪದಕ್ಕೆ ನಮ್ಮ ಪಠ್ಯಪುಸ್ತಕ ಕೊಟ್ಟ ಹೆಸರಲ್ಲಿ ‘ತುಷ್ಟಿ’ ಇದೆ ನೋಡಿ, ಸಂತುಷ್ಟಿಯಲ್ಲಿರೋ ಅದೇ ತುಷ್ಟಿ. ಉಪಯೋಗ ಅಂತ ಇಡಬಹುದಿತ್ತು, ಇಡಲಿಲ್ಲ. ಯಾರು ಅನುವಾದ ಮಾಡಿದರೋ, ಅವರಿಗೆ ಒಂದು ನಮಸ್ಕಾರ.

ಇನ್ನೂ ಒಂದು, ಇದು ಬರೀ ತಮಾಷೆಗೆ. ಕನ್ನಡದಲ್ಲಿ ‘ಸಾಲದು’ ಅನ್ನೋ ಪದವೂ ‘ಸಾಲ’ ಅನ್ನೋ ಪದವೂ ನಿಘಂಟಲ್ಲಿ ಅಕ್ಕಪಕ್ಕದ ಮನೆಯವರು.

6/9

‘ದುಡ್ಡಿನಿಂದ ಸಂತೋಷ ಸಿಗಲ್ಲ’ ಅನ್ನೋದು ವೈಜ್ಞಾನಿಕವಾಗಿ ಸಾಬೀತಾಗಿದೆ ಅಂತ ಒಂದು ರೀಲ್ ಓಡಾಡ್ತಿದೆ, ನಾಲ್ಕು ಜನ ನನಗೇ ಕಳಿಸಿದ್ರಿ. ಪೂರ್ತಿ ಕಥೆ ಚಿಕ್ಕದಾಗಿ ಹೇಳ್ತೀನಿ.

2010ರಲ್ಲಿ ಡೇನಿಯಲ್ ಕಾನೆಮನ್, ಆಂಗಸ್ ಡೀಟನ್ (ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂದಿದೆ) ಅಮೆರಿಕದವರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದ ಮೇಲೆ ದಿನನಿತ್ಯದ ಖುಷಿ ಏರಲ್ಲ ಅಂತ. ಎಲ್ಲರೂ ಹಂಚಿಕೊಂಡಿದ್ದು ಇದನ್ನೇ. 2021ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಅನ್ನೋರು ಇಲ್ಲ, ಏರ್ತಾನೇ ಇರುತ್ತೆ ಅಂದರು. ಜಗಳ ಆಡೋ ಬದಲು 2023ರಲ್ಲಿ ಕಾನೆಮನ್ ಮತ್ತು ಅವರು ಸೇರಿಕೊಂಡೇ ಲೆಕ್ಕ ಮತ್ತೆ ನೋಡಿದರು. ಬಹುಪಾಲು ಜನರಿಗೆ ಆದಾಯದ ಜೊತೆ ಖುಷಿಯೂ ಏರುತ್ತೆ. ತೀರಾ ದುಃಖದಲ್ಲಿರೋ ಒಂದು ಗುಂಪಿಗೆ ಮಾತ್ರ ಒಂದು ಮಟ್ಟದ ನಂತರ ದುಡ್ಡು ಏನೂ ಮಾಡಲ್ಲ.

ಅಂದರೆ 75,000 ಡಾಲರ್‌ಗಿಂತ ಕೆಳಗೆ ದುಡ್ಡು ಲೆಕ್ಕಕ್ಕಿಲ್ಲ ಅಂತ ಮೊದಲನೇ ಅಧ್ಯಯನವೂ ಹೇಳಿರಲಿಲ್ಲ. ಇದನ್ನ ತಂದು ನಮ್ಮೂರಿನ ಕೂಲಿಯವರಿಗೆ ಉಪದೇಶ ಮಾಡೋದು ಜೋಕು.

ಸರಿ, ಅಮೆರಿಕ ಸಾಕು. ಇದಕ್ಕಿಂತ ಚೆನ್ನಾಗಿ ಲೆಕ್ಕ ಗೊತ್ತಿದ್ದ ಒಬ್ಬಳು ಎಂಟುನೂರು ವರ್ಷಕ್ಕೂ ಹಿಂದೆ ನಮ್ಮ ಕಲ್ಯಾಣದಲ್ಲೇ ಇದ್ದಳು. ಮುಂದಿನ ಕ್ಯಾಪ್ಷನ್ ಅವಳದು.

7/9

ಆಯ್ದಕ್ಕಿ ಲಕ್ಕಮ್ಮ. ಹೈಸ್ಕೂಲಲ್ಲಿ ಹೆಸರು ಕೇಳಿರ್ತೀರಿ, ಎರಡು ಮಾರ್ಕ್ಸಿನ ಪ್ರಶ್ನೆಯಾಗಿ.

ಹನ್ನೆರಡನೇ ಶತಮಾನ. ಲಕ್ಕಮ್ಮ, ಅವಳ ಗಂಡ ಮಾರಯ್ಯ ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆಯ ಅಮರೇಶ್ವರದವರು. ಅಲ್ಲಿಂದ ಕಲ್ಯಾಣಕ್ಕೆ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಬಂದರು. ಮಾರಯ್ಯನ ಕಾಯಕ ಏನು ಗೊತ್ತಾ? ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿ ಬಿದ್ದ ಅಕ್ಕಿ ಆಯ್ದು ತರೋದು. ಆಯ್ದ ಅಕ್ಕಿ, ಆಯ್ದಕ್ಕಿ. ಅದರಲ್ಲೇ ಊಟ, ಅದರಲ್ಲೇ ಬಂದವರಿಗೆ ದಾಸೋಹ. ಇದಕ್ಕಿಂತ ಬಡತನ ಇನ್ನೇನಿದೆ?

ಶಾಲೆಯಲ್ಲಿ ಹೇಳೋದು ಕಥೆಯ ಎರಡನೇ ಭಾಗ ಮಾತ್ರ. ಒಂದು ದಿನ ಮಾರಯ್ಯ ಲೆಕ್ಕಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ನೋಡಿದ ತಕ್ಷಣ ಕಂಡುಹಿಡಿದಳು. ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚಾಯ್ತು, ಇಷ್ಟೊಂದು ಆಸೆ ನಮಗ್ಯಾಕೆ, ಹೋಗಿ ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಇದನ್ನ ಕೇಳಿ ಎಲ್ಲರೂ ‘ಆಹಾ, ತೃಪ್ತಿ ಅಂದ್ರೆ ಇದು, ಬಡವರಾಗಿದ್ರೂ ಎಷ್ಟು ನೆಮ್ಮದಿ’ ಅಂತಾರೆ. ನಂಗೆ ಆ ‘ಆಹಾ’ ಬಗ್ಗೆ ಅನುಮಾನ.

ಯಾಕಂದ್ರೆ ಮೊದಲನೇ ಭಾಗ ಬೇರೆ ಇದೆ. ಒಂದು ಸಲ ಮಾರಯ್ಯ ಶರಣರ ಜೊತೆ ಅನುಭಾವದ ಮಾತಿನಲ್ಲಿ ಮುಳುಗಿ ಕೆಲಸಕ್ಕೆ ಹೋಗೋದನ್ನೇ ಮರೆತುಬಿಡ್ತಾನೆ. ದೊಡ್ಡ ದೊಡ್ಡ ವಿಚಾರ, ಒಳಗಿನ ಆನಂದ, ಎಲ್ಲಾ. ಆಗ ಲಕ್ಕಮ್ಮನೇ ಬಂದು, ಕಾಯಕ ನಿಂತುಹೋಗಿದೆ, ಮೊದಲು ಎದ್ದು ಹೋಗು ಅಂತ ಎಬ್ಬಿಸಿ ಕಳಿಸ್ತಾಳೆ. ಶೂನ್ಯ ಸಂಪಾದನೆಯಲ್ಲಿ ಈ ದಂಪತಿಗೇ ಒಂದು ಅಧ್ಯಾಯ ಇದೆ, ಲೈಬ್ರರಿಯಲ್ಲಿ ಸಿಕ್ಕರೆ ನೋಡಿ. (ಭಾಷೆ ಕಷ್ಟ. ಅರ್ಥ ಕೊಟ್ಟಿರೋ ಪುಸ್ತಕ ತಗೊಳ್ಳಿ.)

ಒಬ್ಬಳೇ ಹೆಂಗಸು. ಕಮ್ಮಿ ಆದಾಗ ‘ಹೋಗಿ ತಗೊಂಡು ಬಾ’ ಅಂದಳು. ಜಾಸ್ತಿ ಆದಾಗ ‘ಹೋಗಿ ಇಟ್ಟು ಬಾ’ ಅಂದಳು. ಮನೆಗೆ ಎಷ್ಟು ಬೇಕು ಅನ್ನೋ ಅಳತೆ ಅವಳ ಕೈಯಲ್ಲಿತ್ತು. ಬೇಡಿ ತಿನ್ನಲಿಲ್ಲ, ಕೂಡಿಡಲೂ ಇಲ್ಲ. ಮುಖ್ಯವಾದ್ದು ಏನಂದ್ರೆ, ‘ನಿಮಗೆ ಇಷ್ಟೇ ಸಾಕು’ ಅಂತ ಮಹಾಮನೆಯವರು ಅವಳಿಗೆ ಹೇಳಲಿಲ್ಲ, ಅವಳೇ ಹೇಳಿದಳು. ಎಲೆಗೆ ಅಡ್ಡ ಇಟ್ಟ ಕೈ ಅವಳದ್ದೇ. ಅದಕ್ಕೇ ಅದು ತೃಪ್ತಿ. ಅದೇ ಮಾತನ್ನ ಮಹಾಮನೆಯಿಂದ ಯಾರಾದ್ರೂ ಹೇಳಿದ್ದರೆ ಅದು ದರ್ಪ ಆಗ್ತಿತ್ತು, ಲಕ್ಕಮ್ಮ ಸುಮ್ಮನೆ ಕೇಳಿಸಿಕೊಳ್ತಿದ್ದಳು ಅಂತಾನೂ ನನಗನ್ಸಲ್ಲ.

ಅಂದಹಾಗೆ, ಕಾಯಕವನ್ನೂ ಕೈಲಾಸವನ್ನೂ ಒಂದು ಮಾಡಿ ಹೇಳೋ ಆ ಪ್ರಸಿದ್ಧ ಮಾತನ್ನ ಎಷ್ಟೋ ಗೋಡೆಗಳ ಮೇಲೆ ಬಸವಣ್ಣನವರ ಹೆಸರಲ್ಲಿ ಬರೆದಿರ್ತಾರೆ. ಅದು ಸಿಗೋದು ಈ ಅಕ್ಕಿ ಆಯುತ್ತಿದ್ದ ಮಾರಯ್ಯನ ವಚನದಲ್ಲಿ.

8/9

ಈಗ ನಮ್ಮ ಅಂಗಳಕ್ಕೆ ಬರೋಣ, ಅಂದ್ರೆ ಈ ಆ್ಯಪ್‌ಗೆ.

‘ಚಿಕ್ಕಮಗಳೂರು’ ಅಂತ ಇಲ್ಲಿ ಹುಡುಕಿ ನೋಡಿ. ಮುಳ್ಳಯ್ಯನಗಿರಿ ಮಂಜು, ಕಾಫಿ ತೋಟ, ಜೀಪು, ಹೋಂಸ್ಟೇ, ಕೈಯಲ್ಲಿ ಬಿಸಿ ಕಪ್ಪು. ಪಂಚನಹಳ್ಳಿಯೂ ಇದೇ ಜಿಲ್ಲೆ. ಶೃಂಗೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ ಬಿದ್ದರೆ ನಮ್ಮ ಕಡೂರು ತಾಲ್ಲೂಕಿಗೆ 600ರ ಆಸುಪಾಸು. ಬೆಟ್ಟ ಮೋಡನೆಲ್ಲ ಅಲ್ಲೇ ಹಿಂಡಿಕೊಳ್ಳುತ್ತೆ, ನಮಗೆ ಗಾಳಿ ಕಳಿಸುತ್ತೆ. ಹೊರಗಿನ ಫ್ರೆಂಡ್ಸ್ ‘ನಿಮ್ದು ಚಿಕ್ಕಮಗಳೂರಾ? ವಾವ್, ಎಷ್ಟು ಎಕರೆ ಕಾಫಿ?’ ಅಂತಾರೆ. ನಮ್ಮ ಕ್ಲಾಸಿನ ಎಷ್ಟೋ ಜನ ಮುಜುಗರದಿಂದ ಹೌದು ಅಂತ ತಲೆ ಆಡಿಸೋದನ್ನ ನೋಡಿದ್ದೀನಿ. ಸ್ವಂತ ಜಿಲ್ಲೆಯ ಫೋಟೋ ನೋಡಿ ಸ್ವಂತ ಊರಿನ ಬಗ್ಗೆ ಬೇಜಾರಾಗೋ ಹಾಗೆ ಆಗಿದೆ ನಮ್ಮ ಕಥೆ. ಮಜಾ ಏನಂದ್ರೆ, ಆ ಮಂಜಿನ ಫೋಟೋ ಹಾಕೋರು ಬಹುಪಾಲು ಎರಡು ದಿನಕ್ಕೆ ಬಂದು ಹೋಗೋ ಬೆಂಗಳೂರಿನವರು. ಅಲ್ಲಿ ತೋಟದ ಕೆಲಸ ಮಾಡೋರು ಜಿಗಣೆ ಕಿತ್ತುಕೊಳ್ತಾ ಮಳೆಯಲ್ಲಿ ನಿಂತಿರೋ ಫೋಟೋ ಫೀಡಿಗೆ ಬರಲ್ಲ.

ಇನ್ನೊಂದು ಗಮನಿಸಿ. ಮೊದಲು ವೆಬ್ ಪುಟಗಳಿಗೆ ಕೊನೆ ಅಂತ ಇತ್ತು. ಕೆಳಗೆ ಹೋದರೆ ‘ಮುಂದಿನ ಪುಟ’ ಅಂತ ಒತ್ತಬೇಕಿತ್ತು. ಒತ್ತೋ ಮುಂಚೆ ಅರ್ಧ ಸೆಕೆಂಡು ಸಿಗ್ತಿತ್ತು, ಬೇಕಾ ಬೇಡ್ವಾ ಅಂತ. 2006ರಲ್ಲಿ ಏಜಾ ರಾಸ್ಕಿನ್ ಅನ್ನೋ ಡಿಸೈನರ್ ಕೊನೆಯೇ ಇಲ್ಲದ ಸ್ಕ್ರೋಲ್ ಮಾಡಿದ. ಆಮೇಲೆ ಅದರಿಂದ ಆದದ್ದನ್ನ ನೋಡಿ ಅವನೇ ಬಹಿರಂಗವಾಗಿ ನೊಂದುಕೊಂಡ. ಆ ಅರ್ಧ ಸೆಕೆಂಡು ಹೋಯ್ತು, ಎಲೆಗೆ ಕೈ ಅಡ್ಡ ಇಡೋ ಜಾಗ ಹೋಯ್ತು. ಬಡಿಸೋರು ಬಡಿಸ್ತಾನೇ ಇದ್ದಾರೆ, ಬಕೆಟ್‌ಗೆ ತಳ ಇಲ್ಲ.

ನನ್ನ ಪುಟದಲ್ಲಿ ಲೈಕ್ ಲೆಕ್ಕ ಕಾಣಲ್ಲ, ನೋಡಿರಬಹುದು. 2021ರಿಂದ ಆ ಆಯ್ಕೆ ಎಲ್ಲರಿಗೂ ಇದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಅದರಿಂದ ಮೋಕ್ಷ ಸಿಕ್ಕಿಲ್ಲ. ಆದರೆ ಫೋಟೋ ಹಾಕಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ತೆಗೆದು ನೋಡೋದು ನಿಂತಿದೆ. ನಿಮ್ಮದು ತಟ್ಟೆಯ ನಷ್ಟ ಅಲ್ಲ, ತಲೆಯೊಳಗಿನ ನಷ್ಟ ಅಂತ ಗೊತ್ತಾದರೆ ಇಂಥ ಸಣ್ಣ ಸಣ್ಣ ಅಡ್ಡಗೈ ಕೆಲಸಕ್ಕೆ ಬರುತ್ತೆ. ರಾತ್ರಿ ಒಂದೂವರೆಗೆ ಮೆಸೇಜ್ ಮಾಡಿದವಳೇ, ನಿನಗೆ ನಾನು ಹೇಳೋದು ಇಷ್ಟು: ಹನ್ನೊಂದಕ್ಕೆ ಫೋನನ್ನ ಬೇರೆ ರೂಮಲ್ಲಿ ಇಟ್ಟು ಮಲಗು. ಒಂದು ವಾರ ಆದ್ಮೇಲೂ ‘ಏನೋ ಇಲ್ಲ’ ಅನ್ಸಿದ್ರೆ ಮಾತಾಡೋಣ, ಯಾಕಂದ್ರೆ ಆಗ ನಿಜವಾಗ್ಲೂ ಏನೋ ಇಲ್ಲದೆ ಇರಬಹುದು. ಅದಕ್ಕೆ ನನ್ನ ಕ್ಯಾಪ್ಷನ್ ಸಾಲದೆ ಡಾಕ್ಟರ್ ಬೇಕಾದ್ರೂ ನಾಚಿಕೆ ಪಡಬೇಡ.

9/9

ಕೊನೆಯದು ಹುಡುಗಿಯರಿಗೆ. ಹುಡುಗರೂ ಓದಿ, ನಿಮ್ಮ ಮನೆಯಲ್ಲೂ ಅಕ್ಕತಂಗಿಯರಿದ್ದಾರೆ.

ಇಲ್ಲಿಯವರೆಗೆ ನಾನು ‘ಸಾಕು’ ಅಂತ ತಾನೇ ಹೇಳಿಕೊಂಡರೆ ಅದು ತೃಪ್ತಿ ಅಂತ ಬರೆದೆ. ಅಷ್ಟು ಸುಲಭ ಇಲ್ಲ. ನಮ್ಮಮ್ಮ ದಿನಾ ರಾತ್ರಿ ಎಲ್ಲರಿಗೂ ಬಡಿಸಿ ಕೊನೆಗೆ ಕೂತ್ಕೊಳ್ತಾಳೆ. ‘ಇನ್ನೊಂದು ಮುದ್ದೆ ಹಾಕ್ಕೋ’ ಅಂದ್ರೆ ‘ನಂಗಿಷ್ಟು ಸಾಕು’ ಅಂತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ, ಅವಳೇ ಹೇಳೋದು. ಆದರೆ ಹೇಳೋ ಮುಂಚೆ ಅವಳು ನೋಡೋದು ಪಾತ್ರೆ ಕಡೆಗೆ. ಪಾತ್ರೆ ನೋಡಿ ಹೇಳಿದ ‘ಸಾಕು’, ಹೊಟ್ಟೆ ನೋಡಿ ಹೇಳಿದ್ದಲ್ಲ. ಎಷ್ಟೋ ವರ್ಷದ ಅಭ್ಯಾಸದಿಂದ ಅವಳಿಗೇ ಈಗ ವ್ಯತ್ಯಾಸ ಗೊತ್ತಾಗಲ್ಲ ಅನ್ಸುತ್ತೆ. ಇದನ್ನ ತ್ಯಾಗ ಅಂತ ಹಾಡಿ ಹೊಗಳೋ ತಾಯಂದಿರ ದಿನದ ಪೋಸ್ಟ್‌ಗಳನ್ನ ನಾನು ಶೇರ್ ಮಾಡೋದು ಬಿಟ್ಟಿದ್ದೀನಿ. ಈಗ ಬೇರೆ ಕೆಲಸ ಮಾಡ್ತೀವಿ, ಮುದ್ದೆ ಒಂದು ಜಾಸ್ತಿ ಕಟ್ಟಿ, ಅವಳನ್ನ ಮೊದಲನೇ ಸಾಲಲ್ಲಿ ಕೂರಿಸ್ತೀವಿ. ಮೊದಲ ವಾರ ಬೈದಳು. ಈಗ ತಿಂತಾಳೆ.

ನಮಗೂ ಈ ಅಭ್ಯಾಸ ಬಹಳ ಬೇಗ ಶುರು ಆಗುತ್ತೆ. ‘ಹುಡುಗಿಗೆ ಪಿಯುಸಿ ಸಾಕು.’ ‘ಬಿ.ಕಾಂ. ಆಯ್ತಲ್ಲ, ಸಾಕು.’ ‘ಒಳ್ಳೇ ಮನೆ ಸಿಕ್ಕರೆ ಸಾಕು.’ ಹತ್ತು ಸಲ ಕೇಳಿದ ಮೇಲೆ ನಮ್ಮ ಬಾಯಲ್ಲೇ ಬರುತ್ತೆ, ‘ನಂಗೆ ಅಷ್ಟೆಲ್ಲ ಆಸೆ ಇಲ್ಲಪ್ಪ’. ಕೇಳೋಕೆ ಎಷ್ಟು ಚೆನ್ನಾಗಿದೆ, ಥೇಟ್ ತೃಪ್ತಿಯ ಥರಾನೇ. ನಮ್ಮ ಸಂಬಂಧಿಕರೊಬ್ಬರು ಹೋದ ತಿಂಗಳು ಮನೆಗೆ ಬಂದು, ‘ಇರೋದ್ರಲ್ಲಿ ತೃಪ್ತಿ ಪಡೋದು ಕಲಿ, ಜಾಸ್ತಿ ಓದಿದ್ರೆ ನೆಮ್ಮದಿ ಹೋಗುತ್ತೆ’ ಅಂದ್ರು. ಅವರ ಮಗ ಬೆಂಗಳೂರಲ್ಲಿ ಎರಡನೇ ಡಿಗ್ರಿ ಓದ್ತಿದ್ದಾನೆ. ಅವನ ನೆಮ್ಮದಿ ಬಗ್ಗೆ ಅವರಿಗೆ ಚಿಂತೆ ಇದ್ದ ಹಾಗೆ ಕಾಣಲಿಲ್ಲ.

ನನಗೆ ಸಿ.ಎ. ಮಾಡಬೇಕು. ಕಾಮರ್ಸ್ ಪದವಿಯಲ್ಲಿ 55 ಪರ್ಸೆಂಟ್ ಇದ್ದರೆ ಫೌಂಡೇಷನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. (ಕ್ಲಾಸಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ, ಸೇವ್ ಮಾಡ್ಕೊಳ್ಳಿ.) ಆಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್. ಪಾಸಾಗೋದು ಕಷ್ಟ, ಗೊತ್ತು. ಇದು ನನ್ನ ತಲೆಯೊಳಗಿನ ನಷ್ಟವಾ, ಯಾರದೋ ಪ್ರೊಫೈಲ್ ನೋಡಿ ಹುಟ್ಟಿದ ಆಸೆಯಾ ಅಂತ ಬಹಳ ದಿನ ಯೋಚಿಸಿದೆ. ಅಪ್ಪ 2023ರಲ್ಲಿ ಕೊಬ್ಬರಿ ಕೊಟ್ಟು ಬಂದ ರಾತ್ರಿ ಹಳೇ ಡೈರಿ ತೆಗೆದು ಲೆಕ್ಕ ಬರೆದದ್ದು, ಕೂಡಿದ್ದನ್ನೇ ಮತ್ತೆ ಮತ್ತೆ ಕೂಡಿದ್ದು ನೋಡಿದ್ದೀನಿ. ಆ ಡೈರಿಯನ್ನ ಈಗ ನಾನೇ ಬರೀತೀನಿ. ಊರಲ್ಲಿ ಇಂಥ ಇನ್ನೂ ಎಷ್ಟು ಡೈರಿ ಇವೆ, ಯಾವ ಸಾಲಕ್ಕೆ ಎಷ್ಟು ಬಡ್ಡಿ ಕಟ್ತಿದ್ದಾರೆ ಅಂತ ಅವರಿಗೇ ಗೊತ್ತಿಲ್ಲದ ಎಷ್ಟು ಮನೆ ಇವೆ. ಆ ಕೆಲಸ ಮಾಡಬೇಕು ಅಂತ ಆಸೆ ನನಗೆ. ಇದರಲ್ಲಿ ನಾನು ಕೈ ಅಡ್ಡ ಇಡಲ್ಲ. ಬಟ್ಟೆ, ಫೋನು, ಯಾರ ಮದುವೆಗೆ ಯಾವ ಒಡವೆ, ಅದರಲ್ಲೆಲ್ಲ ಯಾವತ್ತೋ ಇಟ್ಟಾಗಿದೆ.

ಅಪ್ಪನಿಗೆ ಹೇಳಿದ್ದೀನಿ. ‘ನೋಡೋಣ’ ಅಂದಿದ್ದಾರೆ. ‘ಸಾಕು’ ಅಂದಿಲ್ಲ.

ನಿಮ್ಮ ಮನೆಯಲ್ಲಿ ‘ಸಾಕು’ ಅಂತ ಯಾರು ಯಾರಿಗೆ ಹೇಳ್ತಾರೆ? ಕೆಳಗೆ ಬರೀರಿ. ಹೆಸರು ಹಾಕೋದು ಬೇಡ ಅಂದ್ರೆ ಮೆಸೇಜ್ ಮಾಡಿ. ಪರೀಕ್ಷೆ ಮುಗಿಯೋವರೆಗೆ ಉತ್ತರ ತಡ ಆಗಬಹುದು, ಬೇಜಾರಾಗಬೇಡಿ.

#ಪಂಚನಹಳ್ಳಿ #ಕಡೂರು #ಕೊಬ್ಬರಿ #ಆಯ್ದಕ್ಕಿಲಕ್ಕಮ್ಮ #ಬಿಕಾಂಬದುಕು